ಕೋರಂ

‘ಮ್ಯಾಲ ಬಾ ತಾಯಪ್ಪ, ಕೋರಂ ಸಾಲವಲ್ದು’
ಫೋನಿನಾಗ ಸಾವ್ಕಾರು.
ಗಾಡಿ ಬೇವಿನ ನೆಳ್ಳಿಗೆ ಹಚ್ಚಿ
ಒರಸೋ ಬಟ್ಟಿ ಸ್ಟೇರಿಂಗಿಗೆ ಹಾಕಿ
ಚಪ್ಪಲಿ ಕೆಳಗೇ ಬಿಟ್ಟು
ಹತ್ತಿ ಮಿಲ್ಲಿನ ಮೆಟ್ಟಲ ಹತ್ತಿದೆ.
ಏಳು ಕುರ್ಚಿ. ಕಾಲು ಅಲಗೋದು ನಂದು.

ನಾ ಈ ಕಂಪನಿಯ ನಿರ್ದೇಶಕ.

ನಗಬ್ಯಾಡ್ರಿ. ನನ್ನ ಹೇಣ್ತಿ ಲಚುಮವ್ವನೂ ನಕ್ಕಿದ್ಲು,
‘ಯಾವ ಸಿನಿಮಾಕ್ಕ?’ ಅಂತ.
ಆರು ವರ್ಷದ ಹಿಂದ, ರಾಯಚೂರು ಗಂಜಿನ ಗೇಟಿನ ಹತ್ರ
ಬಾನೆಟ್ಟಿನ ಮ್ಯಾಲ ಕಾಗದ ಹರವಿ
‘ಬರೇ ಹೆಸರಿಗೆ ಮಾರಾಯ’ ಅಂದಿದ್ರು.
ಬಾನೆಟ್ಟು ಸುಡ್ತಿತ್ತು.
ಪೆನ್ನು ಅವರದು, ಹೆಸರು ನಮ್ಮಪ್ಪ ಇಟ್ಟದ್ದು.
ಕೊನೇ ಅಕ್ಷರ ಬೆವರಿಗೆ ಹರಡಿ
ಹೆಸರಿಗೊಂದು ಬಾಲ ಬಂತು.
ಆಮ್ಯಾಲ ಎಂಟಂಕಿಯ ನಂಬರು ಬಂತು.
ಪಗಾರಕ್ಕ ಐನೂರು ಸೇರಿತು.
ಗೇಟಿನ ವಾಚ್‌ಮನ್ ಈಗಲೂ ‘ಲೇ ತಾಯ’ ಅಂತಾನ.

ನಿರ್ದೇಶಕರಂದ್ರ ಎಲ್ಲಾ ಒಂದೇ ಅಂತ ತಿಳಿದಿದ್ದೆ.
ಅಲ್ಲ. ಗಂಜಿನಾಗ ಅಂಡಿಗಿ ಅಂಡಿಗಿಗೆ ದರ ಬ್ಯಾರೆ ಇದ್ದಂಗ.
ಸಾವ್ಕಾರು ವ್ಯವಸ್ಥಾಪಕ ನಿರ್ದೇಶಕರು: ಕೆಮ್ಮಿದ್ರ ಠರಾವು.
ಗುರುಪಾದ ಮಾಸ್ತರು ಸ್ವತಂತ್ರ ನಿರ್ದೇಶಕರು,
ಕಾಲೇಜಿನಾಗ ಅರ್ಥಶಾಸ್ತ್ರ ಹೇಳಿದವರು, ಮೆತ್ತನ ಮಾತು.
ಅವರನ್ನ ಕರತರೋದು ನಮ್ಮ ಗಾಡಿ, ಬಿಡೋದೂ ನಮ್ಮ ಗಾಡಿ,
ವಾಪಸ್ ಹೋಗೋವಾಗ ಡಿಕ್ಕಿಯಾಗ ಸೋನಾಮಸೂರಿ ಚೀಲ.
ಅದನ್ನ ನಾ ಇಳಿಸೋತನಕ
ಅವರು ಎದುರು ಮನಿಯ ಕಣಗಿಲ ಗಿಡ ನೋಡ್ತಾರ,
ಗಿಡದ ಬಗ್ಗೆ ಏನಾರ ಒಂದು ಮಾತೂ ಆಡ್ತಾರ.
ಬ್ಯಾಂಕು ನೇಮಿಸಿದ ಒಬ್ಬಾಂವ ಹೈದರಾಬಾದಿನಿಂದ ಬರ್ತಾನ,
ನೀರು ಸೈತ ತಾನೇ ತರ್ತಾನ.

ಅವತ್ತು ಮಾಸ್ತರಿಗೆ ಮಣಕಾಲು ನೋವು,
ಬ್ಯಾಂಕಿನಾಂವನ ರೈಲು ವಾಡಿಯಾಗ ನಿಂತಿತ್ತು,
ಸಾವ್ಕಾರ ತಮ್ಮಂದಿರಿಬ್ಬರೂ ಕೋರ್ಟಿನಾಗ, ಒಬ್ಬರ ಮ್ಯಾಲೊಬ್ಬರು.
ಮೂರು ತಲಿ ಬೇಕು. ಮೂರನೇದು ನಂದು.

ಎರಡನೇದು ಅಂಬುಜಕ್ಕ, ಸಾವ್ಕಾರ ಸೊಸಿ.
‘ಒಬ್ಬ ಹೆಣ್ಣುಮಗಳು ಇರಲಿ’ ಅಂತ ಬ್ಯಾಂಕು ಅಂದದ್ದಕ್ಕ ಇಟ್ಟದ್ದು,
ಆದರ ಆಕಿ ಕನ್ನಡಕ ತಂದಿದ್ಲು.
‘ಮಾವ, ಮಿಲ್ಲಿನಿಂದ ಹೊರಬಿದ್ದ ಬೇಲು ಇನ್ನೂರು,
ದೇವಸೂಗೂರು ಗೋದಾಮಿನ ಲೆಕ್ಕದಾಗ ಮುನ್ನೂರು ಹೆಂಗ?’
ಫ್ಯಾನು ತಿರಗತಿತ್ತು. ಅರಳಿಯ ಒಂದು ಎಳಿ
ಮೇಜಿನ ಮ್ಯಾಲ ಇಳೀಲೋ ಬ್ಯಾಡೋ ಅಂತಿತ್ತು.
‘ಚಾ ಆರ್ತದವ್ವಾ, ಕುಡಿ.’

ಆ ಗೋದಾಮಿನ ಬೀಗ ನಾನೇ ತಗದಿದ್ದೆ,
ಹೋದ ಅಮಾಸಿ ರಾತ್ರಿ, ಗಾಡಿ ಲೈಟಿನ ಬೆಳಕಿಗೆ.
ಒಳಗ ಮುನ್ನೂರೂ ಇರಲಿಲ್ಲ, ಇನ್ನೂರೂ ಇರಲಿಲ್ಲ.
ಪಾರಿವಾಳ ಇದ್ವು.

ಸಾವ್ಕಾರು ಕೈ ಎತ್ತಿದ್ರು, ನನ್ನ ಕಡಿ ನೋಡಿದ್ರು,
ರಿವರ್ಸ್ ತಗೋವಾಗ ಕನ್ನಡಿಯಾಗ ನೋಡ್ತೀವಲ್ಲ, ಹಂಗ.
ನಾನೂ ಎತ್ತಿದೆ.
ನಡಾವಳಿಯಾಗ ಆಕಿ ಪ್ರಶ್ನಿ ಬರಲಿಲ್ಲ.
‘ಚರ್ಚಿಸಿ, ಸರ್ವಾನುಮತದಿಂದ’ ಅಂತ ಬಂತು.

ಮಳಿಗಾಲ ಕಳದು ಪೋಸ್ಟಿನಾಂವ ಓಣಿಗೆ ಬಂದ.
‘ಮಾನ್ಯ ನಿರ್ದೇಶಕರು ಯಾರ್ರಿ?’
‘ಅಂಥವರು ಇಲ್ಲಿ ಯಾರೂ ಇಲ್ಲ’ ಅಂದ್ಲು ಲಚುಮವ್ವ
ರೊಟ್ಟಿ ಬಡಿತಾ.
ಕವರಿನ ಮ್ಯಾಲ ನನ್ನ ಪೂರಾ ಹೆಸರಿತ್ತು,
ಬಾಲ ಇರಲಿಲ್ಲ.
‘ಏನಾಗಲ್ಲ, ವಕೀಲರದಾರ’ ಅಂದ್ರು ಸಾವ್ಕಾರು.
ಅವರ ವಕೀಲರು.
ಮಾಸ್ತರು ಓದಿ ಹೇಳಿದ್ರು, ಗಿಡದ ಕಡಿ ನೋಡದೇ:
ಗೊತ್ತಿಲ್ಲ ಅನ್ನಂಗಿಲ್ಲಪ್ಪ, ಗೊತ್ತು ಮಾಡಿಕೊಳ್ಳೋದೇ
ನಿರ್ದೇಶಕನ ಕೆಲಸ.
ನನಗ ಗೊತ್ತಿತ್ತು.

ಅಂಬುಜಕ್ಕಗೂ ಅಂಥದೇ ಕವರು.
ಮರುದಿನ ಮುಂಜಾನಿ ಆಕಿ ಹಿಂದಿನ ಸೀಟು ಬಿಟ್ಟು
ಮುಂದ ಬಂದು ಕುಂತ್ಲು.
‘ದೇವಸೂಗೂರಿಗೆ ನಡಿ.’
‘ಬೀಗದ ಕೈ, ಅಕ್ಕಾ?’
‘ಕಲ್ಲು ಅದಾವಲ್ಲ.’

ಇಬ್ಬರೇ. ಕೋರಂಗ ಒಬ್ಬರು ಕಡಿಮಿ.
ನಾ ಗೇರು ಹಾಕಿದೆ.